ಮಾತು ಮುಗಿದು ಹಾಡು ಶುರುವಾಗುವಲ್ಲಿ

ಡೆಟ್ರಾಯಿಟ್‌ನ ಉತ್ತರದ ನಮ್ಮ ಬಡಾವಣೆಯಲ್ಲಿ ಪಕ್ಕದ ಮನೆಯವರು ಕಟ್ಟುನಿಟ್ಟಿನ ಯಹೂದಿಗಳು. ನಾನು ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಆ ಮನೆಯ ಅಜ್ಜಿ ಮಧ್ಯಾಹ್ನ ನಮ್ಮ ಅಡುಗೆಮನೆಗೆ ಬರುತ್ತಿದ್ದರು. ಅವರ ಧರ್ಮದ ಊಟದ ನಿಯಮದಿಂದಾಗಿ ನಮ್ಮ ಪಾತ್ರೆಯಲ್ಲಿ ಏನನ್ನೂ ತಿನ್ನುತ್ತಿರಲಿಲ್ಲ. ಇಡೀ ಕಿತ್ತಳೆ, ಪೇಪರ್ ಕಪ್ಪಿನಲ್ಲಿ ನೀರು, ಅಷ್ಟೇ. ಆದರೆ ಹಾಡುತ್ತಿದ್ದರು. ಅವರದು ತಾಯಿಯಿಂದ ಕಲಿತ, ಯಿಡ್ಡಿಷ್ ಎಂಬ ಯಹೂದಿ ಭಾಷೆಯ ಹಾಡುಗಳು. ನನ್ನದು ಧಾರವಾಡದ ನಮ್ಮಜ್ಜಿಯ ಬೀಸುವ ಪದ. ಒಬ್ಬರು ಹಾಡಿದರೆ ಇನ್ನೊಬ್ಬರು ಅದಕ್ಕೆ ದನಿಗೂಡಿಸುತ್ತಿದ್ದೆವು. ಕೆಲವು ಸಲ ನಾನು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ.

"ಮನೇಲಿ ಅತಿಥಿಗಳಿದ್ದರೆ ಬರೀ ತುಟಿ ಆಡಿಸ್ತೀನಿ," ಎಂದಿದ್ದರು ಒಮ್ಮೆ. "ಪರ ಹೆಂಗಸಿನ ಹಾಡು ಗಂಡಸರು ಕೇಳಬಾರದು."

ತಾವು ಹೋದ ಮೇಲೆ ಒಂದು ಸಲ ಬೀಸುವ ಪದ ಹಾಡಬೇಕೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಅವರು ತೀರಿಕೊಂಡ ಮೇಲೆ, ಶೋಕದ ನಿಯಮದಂತೆ, ಒಂದು ವರ್ಷ ಆ ಮನೆಯಲ್ಲಿ ಸಂಗೀತವಿರಲಿಲ್ಲ. ನಾನೂ ಕಾದೆ. ವರ್ಷದ ನೆನಪಿನ ಊಟಕ್ಕೆ ಕರೆದಾಗ ಅಡುಗೆಮನೆಯಲ್ಲಿ ಹೆಂಗಸರ ನಡುವೆ ಬಾಗಿಲು ಹಾಕಿಕೊಂಡು ಹಾಡತೊಡಗಿದೆ. ಎರಡನೆಯ ಸಾಲಿಗೆ ಅವರ ಮಗ ಬಾಗಿಲು ತೆರೆದ.

"ಹೊರಗೆ ಗಂಡಸರಿದ್ದಾರೆ. ನಿಲ್ಲಿಸಿ."

"ನಿಮ್ಮ ತಾಯೀನೇ ಕೇಳಿದ್ದರು."

"ನನ್ನ ತಾಯಿ ಅಂಥದ್ದು ಕೇಳೋರಲ್ಲ. ಸುಳ್ಳು ಹೇಳಬೇಡಿ."

ಇಪ್ಪತ್ತು ಜನ ನನ್ನನ್ನೇ ನೋಡುತ್ತಿದ್ದರು. ನಾನು ಕೋಟು ಹಾಕಿಕೊಂಡೆ. ಅವನ ಹೆಂಡತಿ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು, "ನಿಯಮ ಗಂಡಸರ ಕಿವಿಗೆ, ನಿಮ್ಮ ಗಂಟಲಿಗಲ್ಲ. ಅವರೇ ಎದ್ದು ಹೋಗಬಹುದಿತ್ತು."

ಆ ಮಾತು ಕೇಳಿದ ಮೇಲೆ ಅವನ ಮೇಲಿನ ನನ್ನ ಸಿಟ್ಟು ಇಮ್ಮಡಿಯಾಯಿತು.

ಮೂರು ವಾರದ ನಂತರ ಅವನೇ ನಮ್ಮ ಬೆಲ್ ಒತ್ತಿದ. "ಅಮ್ಮ ಹಾಡಿದ್ದು ನಿಮ್ಮ ಫೋನಲ್ಲಿದೆಯಂತೆ. ನಮ್ಮ ಹತ್ತಿರ ಒಂದೂ ಇಲ್ಲ." ತಾಯಿಯ ಹಾಡು ಮಗನಿಗೆ ನಿಷಿದ್ಧವಲ್ಲ ಎಂದು ನನಗೆ ಗೊತ್ತಿತ್ತು.

ಒಳಗೆ ಕರೆಯದೆ, ಹೊಸ್ತಿಲಲ್ಲೇ ನಿಲ್ಲಿಸಿ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿದೆ. ಅಜ್ಜಿಯ ದನಿ ಬಂತು: "ನಾನು ಹೋದ ಮೇಲೆ ಇದನ್ನ ನನಗಾಗಿ ಹಾಡು, ಮರೀಬೇಡ. ಈಗ ಇಬ್ಬರೂ ಹಾಡೋಣ." ಅವನ ಮುಖ ಬಿಳಿಚಿತು. ಹಾಡಿಗೆ ಉಸಿರೆಳೆದ ಸದ್ದು ಕೇಳುತ್ತಲೇ ನಿಲ್ಲಿಸಿದೆ.

"ಮುಂದೆ ನನ್ನ ದನಿಯೂ ಇದೆ. ನೀವು ಕೇಳೋ ಹಾಗಿಲ್ಲ."

"ರೆಕಾರ್ಡಿಂಗ್ ಆದರೆ ಪರವಾಗಿಲ್ಲ ಅಂತ ನಮ್ಮ ರಬ್ಬಿ ಹೇಳಿದಾರೆ. ಪ್ಲೀಸ್."

"ನಾನು ಹೇಳಿಲ್ಲವಲ್ಲ," ಎಂದು ಬಾಗಿಲು ಹಾಕಿದೆ. ಕಿಟಕಿಯಿಂದ ನೋಡಿದೆ. ಅವನು ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತಿದ್ದ. ನೋಡಲು ಹಿತವಾಗಿತ್ತು.

"ತಾಯಿ ದನಿ ಅದು. ಕೊಟ್ಟಬಿಡಬೇಕಿತ್ತ ನೀ," ಎಂದ ನನ್ನ ಗಂಡ.

"ಅಷ್ಟು ಮಂದಿ ಮುಂದ ನನಗ ಸುಳ್ಳಿ ಅಂದಾನ. ಕೊಡಂಗಿಲ್ಲ."

ಆಮೇಲೆ ಅವನಿಂದ ಎರಡು ಮೆಸೇಜ್ ಬಂದವು. ಉತ್ತರ ಕೊಡಲಿಲ್ಲ. ಪಶ್ಚಾತ್ತಾಪವಿದೆ ಎಂದರೆ ಅದು ನಿಜಕ್ಕೂ ಸುಳ್ಳಾದೀತು. ಅವನ ಹೆಂಡತಿ ಕೇಳಿದ್ದರೆ ಬಹುಶಃ ಕೊಡುತ್ತಿದ್ದೆ. ಆಕೆ ಇವತ್ತಿಗೂ ಕೇಳಿಲ್ಲ.