ಸೇತುವೆಯ ಮೇಲೆ ಹೇಳದೆ ಬಿಟ್ಟ ಮಾತು

ಫಾನ್ ಯುಜೆನ್‌ದು ಯಂತ್ರಗಳನ್ನು ಮಲಗಿಸುವ ಕೆಲಸ. ನಗಬೇಡಿ, ಕಂಪ್ಯೂಟರ್ ಕಂಪನಿಗಳೇ ತುಂಬಿದ ನಮ್ಮ ಶಿಂಚು ನಗರದಲ್ಲಿ ಅದಕ್ಕೂ ಸಂಬಳ ಕೊಡುತ್ತಾರೆ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಒಳಗಿನ ಕಂಟ್ರೋಲರ್ ಚಿಪ್ಪು ಮಲಗಬೇಕು, ತೆರೆದರೆ ಏಳಬೇಕು. ಅದನ್ನು ನೋಡಿಕೊಳ್ಳುವ ಡ್ರೈವರ್ ಪ್ರೋಗ್ರಾಮು ಅವಳು ಬರೆದದ್ದು. ಕರೆಂಟು ತೆಗೆಯುವ ಮುಂಚೆ ಚಿಪ್ಪಿಗೆ ಹೇಳಬೇಕು, ಅದು ಕೈಲಿದ್ದದ್ದನ್ನೆಲ್ಲ ಎತ್ತಿಟ್ಟು ಹೂಂ ಅನ್ನಬೇಕು, ಆಮೇಲೆ ತೆಗೆಯಬೇಕು. ಹೇಳದೆ ತೆಗೆದರೆ ಮತ್ತೆ ಎಷ್ಟು ಕರೆದರೂ ಓಗೊಡುವುದಿಲ್ಲ. ಮಗಳು ಮಿಷನ್ನಿಗೆ ಜೋಗುಳ ಹಾಡುತ್ತಾಳೆ ಎಂದು ಹತ್ತಿರದ ಊರು ಜುದೊಂಗ್‌ನಲ್ಲಿ ಅವಳಮ್ಮ ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಅಪ್ಪ ಶಿಂಚುವಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಜೀವ ಅಲ್ಲೇ ಉಳಿಯಬಾರದಲ್ಲ, ಹೆಸರು ಬರೆದ ಫಲಕವನ್ನೂ ಊದುಬತ್ತಿಯ ಕುಡಿಕೆಯನ್ನೂ ತೊಡೆಯ ಮೇಲಿಟ್ಟುಕೊಂಡು ಮಗಳೇ ಜುದೊಂಗ್‌ನ ಮನೆಗೆ ಕರೆತಂದಳು. ಕಾರು ಓಡಿಸಿದ್ದು ಚಿಕ್ಕಪ್ಪ. ಪ್ರತಿ ತಿರುವಿನಲ್ಲೂ, ಪ್ರತಿ ಸೇತುವೆಯಲ್ಲೂ ಹೋದವರಿಗೆ ಹೇಳಬೇಕು, ಇಲ್ಲದಿದ್ದರೆ ಅವರಿಗೆ ದಾರಿ ತಿಳಿಯುವುದಿಲ್ಲ. "ಅಪ್ಪಾ, ಎಡಕ್ಕೆ ತಿರುಗ್ತಿದ್ದೀವಿ" ಎನ್ನುತ್ತಾ ಬಂದಳು. ದೊಡ್ಡ ಸೇತುವೆ ಹತ್ತುವಾಗ ಫೋನ್ ಬಂತು. ಆಫೀಸಿನ ಮೇಲಧಿಕಾರಿ ಕೋ. ಗಿರಾಕಿಗಳ ಕೈಯಲ್ಲಿ ಮಲಗಿದ ಲ್ಯಾಪ್‌ಟಾಪುಗಳು ಏಳುತ್ತಿಲ್ಲವಂತೆ. ಏನೇನು ನೋಡಬೇಕೆಂದು ಅವನಿಗೆ ಹೇಳಿ ಫೋನಿಡುವಷ್ಟರಲ್ಲಿ ಸೇತುವೆ ಹಿಂದಾಗಿತ್ತು. ಅಪ್ಪನಿಗೆ ಸೇತುವೆಯ ಮಾತು ಹೇಳಿರಲೇ ಇಲ್ಲ. ಆದರೂ ಕಾರು ತಿರುಗಿಸಿ ಎಂದು ಚಿಕ್ಕಪ್ಪನಿಗೆ ಅನ್ನಲಿಲ್ಲ. ಮುಂದಿನ ತಿರುವಿನಿಂದ ಏನೂ ಆಗದವಳ ಹಾಗೆ ಹೇಳತೊಡಗಿದಳು.

ಅಪ್ಪನೋ, ಇಲ್ಲೇ ನಿಂತಿರು ಅಂದರೆ ನಿಂತೇ ಇರುವ ಮನುಷ್ಯ. ಒಮ್ಮೆ ಸಂತೆಯಲ್ಲಿ ಅಮ್ಮ ಅವನನ್ನು ಚಕ್ಕೋತದ ಅಂಗಡಿ ಮುಂದೆ ನಿಲ್ಲಿಸಿ ಮರೆತು ಮನೆಗೆ ಬಂದುಬಿಟ್ಟಿದ್ದಳು. ಮಳೆ ಹೊಯ್ದು ನಿಂತಮೇಲೆ ಹೋಗಿ ನೋಡಿದರೆ ತೊಯ್ದು ತೊಪ್ಪೆಯಾಗಿ ಅಲ್ಲೇ ಇದ್ದನಂತೆ. ಆ ಕಥೆಗೆ ಮನೆಯವರೆಲ್ಲ ನಗುತ್ತಿದ್ದರು. ಈಗ ಯುಜೆನ್‌ಗೆ ನಗು ಬರುತ್ತಿರಲಿಲ್ಲ. ಬಸ್ಸು ಆ ಸೇತುವೆ ಹತ್ತಿದಾಗಲೆಲ್ಲ ಕಟಕಟೆಯ ಪಕ್ಕ ಯಾರೋ ನಿಂತ ಹಾಗಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಅಮ್ಮ ದಿನಾ ಫಲಕದ ಮುಂದೆ ಅನ್ನವಿಟ್ಟು, ಬಂದೆಯಾ ಎಂದು ಕೇಳಿ, ಅರ್ಧಚಂದ್ರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕುತ್ತಿದ್ದಳು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹೌದೆಂದು. ಒಂದು ದಿನವೂ ಹಾಗೆ ಬೀಳಲಿಲ್ಲ. "ಸತ್ಮೇಲೆ ನಿಮ್ಮಪ್ಪಂಗೆ ಜಂಬ ಬಂದಿದೆ" ಎಂದು ಅಮ್ಮ ಗೊಣಗುವಳು. ಯುಜೆನ್ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ಆಫೀಸಿನಲ್ಲಿ ಎಲ್ಲರೂ ಯಂತ್ರ ಹಟ ಮಾಡದಿರಲೆಂದು ನಮ್ಮಲ್ಲಿ ಇಡುವ ಹಸಿರು ಕುರುಕಲು ತಿಂಡಿಯ ಪೊಟ್ಟಣವನ್ನು ಅವುಗಳ ಮೇಲಿಟ್ಟು, ಜಾಣರಾಗಿರ್ರಪ್ಪಾ ಎಂದು ಕೈಮುಗಿದರು. ಕೊನೆಗೆ ತಪ್ಪು ಸಿಕ್ಕಿದ್ದು ಯುಜೆನ್ ಬರೆದದ್ದರಲ್ಲೇ. ಮುಚ್ಚಳ ಹಾಕುವ ಹೊತ್ತಿಗೆ ಸರಿಯಾಗಿ ಬೇರೆ ಯಾವುದಾದರೂ ಕರೆ ಬಂದರೆ, ಅವಳ ಡ್ರೈವರ್ ಆ ಕರೆಗೆ ಓಗೊಟ್ಟು, ಚಿಪ್ಪಿಗೆ ಹೇಳುವುದನ್ನೇ ಬಿಟ್ಟು ಕರೆಂಟು ತೆಗೆದುಬಿಡುತ್ತಿತ್ತು. ಅದನ್ನು ಅವಳು ಮತ್ತೆ ಮತ್ತೆ ಓದಿದಳು. ಸರಿಪಡಿಸಲು ನಾಲ್ಕು ಸಾಲು ಸಾಕಾಯಿತು. ಕೋ ಭೇಷ್ ಎಂದ. ಅವಳು ಬ್ಯಾಗು ಹೆಗಲಿಗೇರಿಸಿ ನೇರ ಜುದೊಂಗ್‌ಗೆ ಹೋಗಿ ಅಮ್ಮನ ಮುಂದೆ ಎಲ್ಲ ಹೇಳಿ ಅತ್ತಳು.

ಅಮ್ಮ ಬೈಯಲಿಲ್ಲ, ಎದ್ದು ಚಪ್ಪಲಿ ಮೆಟ್ಟಿದಳು. ಫಲಕ, ಕರಿ ಕೊಡೆ, ಮರದ ತುಂಡು ತೆಗೆದುಕೊಂಡು ಇಬ್ಬರೂ ಸೇತುವೆಗೆ ಹೋದರು. ಮಟಮಟ ಮಧ್ಯಾಹ್ನ, ಲಾರಿ ಹೋದಾಗಲೆಲ್ಲ ಕಾಲಡಿ ನಡುಗುತ್ತಿತ್ತು.

"ಅಪ್ಪಾ, ಸೇತುವೆ ದಾಟ್ತಿದ್ದೀವಿ. ಬಾ," ಎಂದು ಯುಜೆನ್ ತುಂಡು ಹಾಕಿದಳು. ಎರಡೂ ಬೋರಲು. ಮತ್ತೆ ಹಾಕಿದಳು. ಮತ್ತೆ ಬೋರಲು. ಅಷ್ಟರಲ್ಲಿ ಜೇಬಿನೊಳಗೆ ಫೋನ್ ಗುಂಯ್ಗುಟ್ಟಿತು. ಕೋ ಹೆಸರು. ತಾಯಿ ಮಗಳು ಇಬ್ಬರೂ ಅದನ್ನೇ ನೋಡಿದರು. ಅವಳು ಫೋನ್ ಪೂರ್ತಿ ಆರಿಸಿ, ಮೊಣಕಾಲೂರಿ, "ಅಪ್ಪಾ, ತಪ್ಪಾಯ್ತು. ಈಗ ನಿನ್ ಜೊತೇಲೇ ಇದ್ದೀನಿ," ಎಂದು ಹಾಕಿದಳು. ಒಂದು ಅಂಗಾತ, ಒಂದು ಬೋರಲು.

ಹೋದವರಿಗೆ ಬಿಸಿಲು ತಾಕಬಾರದೆಂದು ಅಮ್ಮ ಕೊಡೆ ಬಿಚ್ಚಿ ಫಲಕಕ್ಕೆ ನೆರಳು ಹಿಡಿದಳು. ಸೇತುವೆ ಮುಗಿಯುವವರೆಗೂ ಯುಜೆನ್ ಅಪ್ಪನಿಗೆ ದಾರಿ ಹೇಳುತ್ತಲೇ ನಡೆದಳು. ಆಚೆ ದಡದಲ್ಲಿ ಅಮ್ಮ ನಿಂತು ಉಸಿರು ತೆಗೆದುಕೊಂಡಳು.

"ನನ್ನನ್ನೂ ಹೀಗೆ ಕರ್ಕೊಂಡ್ ಬರೋವಾಗ ಆ ಫೋನ್ನ ಮೊದಲೇ ಆರ್ಸಿರು."