ಹಿಂದಿನ ಸೀಟಿನ ಪೆಟ್ಟಿಗೆ

ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಸ್ವಿಚ್ ಜೋಡಿಸುತ್ತಿದ್ದೆ. ನನ್ನ ಗಂಡ ಅಲ್ಲೇ ಹತ್ತಿರದ ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ಮದುವೆಯಾಗಿ ಎರಡು ವರ್ಷ, ದಾಸರಹಳ್ಳಿಯಲ್ಲಿ ಬಾಡಿಗೆ ಮನೆ, ಬಾಗಿಲ ಮುಂದೆ ಒಂದು ಹಳೇ ಮೋಟಾರ್ ಸೈಕಲ್. ಅದರ ಮೇಲೆ ಕಾರವಾರಕ್ಕೆ ಹೋಗಿಬರೋಣ ಎಂದವರು ಅವರೇ. ನಾನು ಕೇಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ನಾನೇ ಹಟ ಹಿಡಿದೆ ಎಂದರು.

ಅವರ ಕಾರ್ಖಾನೆಯ ಗೆಳೆಯರು ಮೂವರು ತಮ್ಮ ತಮ್ಮ ಗಾಡಿಗಳಲ್ಲಿ ಜೊತೆಗೆ ಬರುವವರಿದ್ದರು. "ಲಗೇಜು ನಿನ್ನ ಡಿಪಾರ್ಟ್‌ಮೆಂಟು ಕಣೇ" ಎಂದು ನನಗೆ ವಹಿಸಿದರು. ನಾನು ಅದನ್ನು ಮನಸ್ಸಿಟ್ಟು ಮಾಡಿದೆ. ರೆಕ್ಸಿನ್ ಬ್ಯಾಗನ್ನು ಹಿಂದೆ ಕಟ್ಟಿಕೊಂಡು ಒಂದು ಭಾನುವಾರ ನೆಲಮಂಗಲದವರೆಗೆ ಹೋಗಿ ನೋಡಿದೆವು. ಬರುವಾಗ ಹಗ್ಗ ಸಡಿಲಾಗಿ ಬ್ಯಾಗು ಚಕ್ರಕ್ಕೆ ಉಜ್ಜಿ ತೂತಾಯಿತು. ಬ್ಯಾಗನ್ನು ಇಬ್ಬರ ನಡುವೆ ಇಟ್ಟುಕೊಂಡರೆ ನನಗೆ ಉಸಿರು ಕಟ್ಟುತ್ತಿತ್ತು. ಹಾಸಿಗೆ ಸುತ್ತುವ ಹೋಲ್ಡಾಲು ಮಳೆ ಬಂದರೆ ನೀರು ಹೀರುತ್ತದೆ. ಕೊನೆಗೆ ಮಾದನಾಯಕನಹಳ್ಳಿಯ ರಸ್ತೆಬದಿಯಲ್ಲಿ ಲಾರಿಗೆ ಟಾರ್ಪಾಲು ಹೊಲಿಯುತ್ತಿದ್ದ ಮುದುಕರೊಬ್ಬರ ಹತ್ತಿರ ಹೋದೆ.

"ಎರಡು ಕಡೆ ಇಳಿಬಿಡೋ ಚೀಲ ಹೊಲ್ಕೊಳ್ಳಮ್ಮಾ" ಎಂದರು ಅವರು. "ತೂಕ ಎಷ್ಟು ಕೆಳಗಿರ್ತದೋ ಗಾಡಿ ಅಷ್ಟು ಮಾತು ಕೇಳ್ತದೆ. ಎರಡು ಕಡೆ ಸಮ ಇರ್ಬೇಕು, ಅಷ್ಟೇ."

ಅವರು ಕೊಟ್ಟ ಟಾರ್ಪಾಲು ತುಂಡುಗಳನ್ನು ಮನೆಯಲ್ಲಿ ದಪ್ಪ ಸೂಜಿ ಹಿಡಿದು ನಾನೇ ಹೊಲಿದೆ. ಸೈಲೆನ್ಸರ್ ಕಡೆಯದು ಬಿಸಿಗೆ ಸುಡದಂತೆ ನಾಲ್ಕು ಬೆರಳು ಗಿಡ್ಡ. ನನ್ನ ಕಾಲಿಗೆ ಜಾಗ ಬಿಡಬೇಕಲ್ಲ, ಅದಕ್ಕೆ ಮುಂದಿನ ಮೂಲೆ ಓರೆ. ಸೀರೆಯಲ್ಲಿ ಅಡ್ಡ ಕೂತು ಅಷ್ಟು ದೂರ ಆಗುವುದಿಲ್ಲವೆಂದು ಒಂದು ಚೂಡಿದಾರವನ್ನೂ ಹೊಲಿದುಕೊಂಡೆ. ಬೆರಳ ತುದಿಗಳಿಗೆ ಗಾಯವಾಗಿತ್ತು. ನನ್ನ ಗಂಡ ಪಕ್ಕದಲ್ಲಿ ಕೂತು ಟೇಪು ಹಿಡಿದು ಅಳತೆ ಹೇಳುತ್ತಿದ್ದರು. ನಾನು ಐದು ದಿನ ರಜೆ ಬರೆದುಕೊಟ್ಟೆ.

ಹೊರಡುವ ಹಿಂದಿನ ದಿನ ಸಂಜೆ ಕೆಲಸದಿಂದ ಬಂದರೆ, ಗಾಡಿಯ ಹಿಂದಿನ ಸೀಟಿನ ಮೇಲೆ ಒಂದು ತಗಡಿನ ಪೆಟ್ಟಿಗೆ. ಆಗಷ್ಟೇ ಬೆಸುಗೆ ಹಾಕಿಸಿ, ಪೇಂಟು ಬಳಿಸಿ, ನಾಲ್ಕು ಬೋಲ್ಟು ಹಾಕಿ ಬಿಗಿದಿದ್ದರು.

"ನಾನೆಲ್ಲಿ ಕೂತ್ಕೊಳ್ಲಿ?" ಎಂದೆ.

ಅವರು ಒರೆಸುವ ಬಟ್ಟೆಯಲ್ಲಿ ಕೈ ಒರೆಸಿದರು, ಮತ್ತೆ ಒರೆಸಿದರು. "ಯಾರೂ ಹೆಂಡ್ತೀನ ಕರ್ಕೊಂಡು ಬರ್ತಿಲ್ಲ ಕಣೇ. ಲೇಡೀಸ್ ಇದ್ರೆ ಫ್ರೀ ಆಗಿರಕ್ಕಾಗಲ್ಲ ಅಂದ್ರು."

"ಯಾವಾಗ ಅಂದ್ರು?"

"ಹೋದ ವಾರ."

ಹೋದ ವಾರ ಎಂದರೆ ನಾನು ಎರಡನೇ ಚೀಲ ಹೊಲಿಯುತ್ತಿದ್ದ ವಾರ. ನನ್ನ ಕಾಲಿನ ಜಾಗಕ್ಕೆ ಅಳತೆ ಹಿಡಿದವರು ಇವರೇ. ಬಾಯಲ್ಲಿ ಹೇಳಲಾಗದ್ದನ್ನು ತಗಡಿನಲ್ಲಿ ಮಾಡಿಸಿಕೊಂಡು ಬಂದಿದ್ದರು. ನಾನು ಒಳಗೆ ಹೋಗಿ ಸ್ಪ್ಯಾನರ್ ತಂದು ನಾಲ್ಕೂ ಬೋಲ್ಟು ಬಿಚ್ಚಿ, ಪೆಟ್ಟಿಗೆಯನ್ನು ಎತ್ತಿ ಅಂಗಳಕ್ಕೆ ಎಸೆದೆ. ಒಂದು ಮೂಲೆ ನೆಗ್ಗಿತು. ಅವರು ಬಗ್ಗಿ ಬೋಲ್ಟುಗಳನ್ನು ಒಂದೊಂದಾಗಿ ಆರಿಸಿಕೊಂಡರು.

ಬೆಳಿಗ್ಗೆ ನಾನು ಚೂಡಿದಾರ ಹಾಕಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಪೆಟ್ಟಿಗೆ ಮತ್ತೆ ಸೀಟಿನ ಮೇಲಿತ್ತು. ಗೆಳೆಯರ ಪೈಕಿ ಹಿರಿಯನೊಬ್ಬ ನಕ್ಕು, "ಬಿಡಿ ಅತ್ತಿಗೆ, ಮುಂದಿನ ಸಲ ಫ್ಯಾಮಿಲಿ ಟ್ರಿಪ್ಪೇ ಮಾಡೋಣ. ನಡಿ ಮಗಾ, ಲೇಟಾಯ್ತು" ಎಂದ. ನಾಲ್ಕು ಗಾಡಿಗಳೂ ತುಮಕೂರು ರಸ್ತೆಯ ಕಡೆ ಹೋದವು. ನನ್ನ ಗಂಡ ತಿರುಗಿ ನೋಡಲಿಲ್ಲ.

ಅಳು ಬರಲಿಲ್ಲ. ರಜೆ ಮಂಜೂರಾಗಿದೆ, ಚೀಲ ತುಂಬಿದೆ, ಇಲ್ಲಿ ಕೂತು ಯಾರಿಗೆ ಅಡುಗೆ ಮಾಡಲಿ? ಮನೆಗೆ ಬೀಗ ಹಾಕಿದೆ. ಜೋಡಿ ಚೀಲವನ್ನು ಹೆಗಲ ಹಿಂದೆ ಮುಂದೆ ಇಳಿಬಿಟ್ಟುಕೊಂಡು ಮೆಜೆಸ್ಟಿಕ್ಕಿಗೆ ಹೋಗಿ ಹುಬ್ಬಳ್ಳಿ ಬಸ್ಸು ಹತ್ತಿದೆ, ಅಲ್ಲಿಂದ ಕಾರವಾರ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. "ಜೊತೆಗ್ಯಾರೂ ಇಲ್ವೇನಮ್ಮಾ?" ಎಂದು ಕಂಡಕ್ಟರ್ ಎರಡು ಸಲ ಕೇಳಿದ. ಎರಡನೇ ಸಲ ನಾನು ನೋಡಿದ ನೋಟಕ್ಕೆ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ಸಮುದ್ರ ನೋಡಿದೆ. ಚೆನ್ನಾಗಿತ್ತು. ಒಂದು ಮಧ್ಯಾಹ್ನವೆಲ್ಲ ಮರಳಿನ ಮೇಲೆ ಕೂತಿದ್ದೆ. ಆದರೆ ಕೋಪ ಇಳಿಯಲಿಲ್ಲ. ಮೋಟಾರ್ ಸೈಕಲ್ ಸದ್ದು ಕೇಳಿದಾಗಲೆಲ್ಲ ಬೈಯಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅವರು ಯಾರೂ ಕಾಣಲಿಲ್ಲ.

ನಾಲ್ಕನೇ ದಿನ ಮನೆಗೆ ಬಂದರೆ ನನ್ನ ಗಂಡ ಮೆಟ್ಟಿಲ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು. ಎಲ್ಲ ಭಾರವೂ ಹಿಂದೆ, ಅದೂ ಎತ್ತರದಲ್ಲಿ; ಗಾಡಿ ದಾರಿಯುದ್ದಕ್ಕೂ ಓಲಾಡಿ, ಶಿರಾ ದಾಟಿದ ಮೇಲೆ ಪೆಟ್ಟಿಗೆ ಕೂರಿಸಿದ್ದ ಕಬ್ಬಿಣವೇ ಮುರಿದಿತ್ತಂತೆ. ರಿಪೇರಿ ಮಾಡಿಸಿಕೊಂಡು ಹಿಂದಿನಿಂದ ಬಾ ಎಂದು ಹೇಳಿ ಗೆಳೆಯರು ಮುಂದೆ ಹೋಗಿಬಿಟ್ಟರಂತೆ. ಗಾಡಿಯನ್ನು ಲಾರಿಗೆ ಹಾಕಿಕೊಂಡು ಬಂದವರಿಗೆ ಮನೆ ಬೀಗ. ನಾನು ಮನೆಯಲ್ಲೇ ಇರುತ್ತೇನೆಂದು ಅವರು ಕೀಲಿ ಒಯ್ದಿರಲಿಲ್ಲ. ಎರಡು ರಾತ್ರಿ ಮನೆ ಓನರಮ್ಮನ ಜಗಲಿಯಲ್ಲಿ ಮಲಗಿದ್ದರು.

ಓನರಮ್ಮ ಓಡಿಬಂದರು. "ಇಂಗೆ ಏಳ್ದೆ ಕೇಳ್ದೆ ಓಗದಾ ಎಣ್ಣುಮಗ್ಳು?"

"ಎಲ್ಲಿಗೆ ಹೋಗಿದ್ದೆ?" ಎಂದು ಇವರೂ ಕೂಗಿದರು.

"ಕಾರವಾರಕ್ಕೆ."

ಓನರಮ್ಮ ನನ್ನ ಮುಖ ನೋಡಿದರು, ಇವರ ಮುಖ ನೋಡಿದರು, ಆಮೇಲೆ ಒಳಗೆ ಹೋಗಿಬಿಟ್ಟರು.

ಆ ದಿನ ನಾನು ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದನ್ನೂ ಉಳಿಸಲಿಲ್ಲ. ಅವರು "ಸಾರಿ" ಎಂದರು. "ಸಾರಿ ನಿಮ್ಮ ಸೂಪರ್‌ವೈಸರ್‌ಗೆ ಹೇಳ್ರೀ" ಎಂದೆ. ತಪ್ಪಾಯ್ತು ಎಂಬ ಮಾತು ಅವರ ಬಾಯಿಂದ ಬರಲು ಇನ್ನೂ ಎಂಟು ದಿನ ಬೇಕಾಯಿತು.

ಆಮೇಲೆ ನಾವಿಬ್ಬರೂ ಅದೇ ಗಾಡಿಯಲ್ಲಿ ಎಷ್ಟೋ ಊರು ಸುತ್ತಿದ್ದೇವೆ. ಬಿಟ್ಟುಹೋದದ್ದನ್ನು ಕ್ಷಮಿಸಿದ್ದೇನೆ. ಪಕ್ಕದಲ್ಲೇ ಕೂತು, ಎಲ್ಲ ಗೊತ್ತಿದ್ದೂ ಅಳತೆ ಹೇಳುತ್ತಿದ್ದರಲ್ಲ, ಅದನ್ನು ಮಾತ್ರ ಕ್ಷಮಿಸಲು ಆಗಿಲ್ಲ. ಈಗಲೂ ಅವರು ಬಹಳ ಹೊತ್ತು ಸುಮ್ಮನಿದ್ದರೆ ಅಡುಗೆಮನೆಯಿಂದ ಬಂದು ಎದುರು ನಿಂತು, "ಏನ್ರೀ ಮುಚ್ಚಿಡ್ತಿದ್ದೀರಾ?" ಎಂದು ಕೇಳುತ್ತೇನೆ.