ಗೋಡೆಯ ಇರುವೆಯ ಕಾಲುಗಳು

ಹನ್ನೊಂದು ಗೆರೆಗೆ ಒಂದು ಇರುವೆ. ಮೂರು ಗುಂಡು ಸುತ್ತಿ, ಒಂದೊಂದು ಗುಂಡಿಗೂ ಎರಡೆರಡು ಕಾಲು ಎಳೆದು, ತಲೆಗೆ ಎರಡು ಮೀಸೆ ಇಟ್ಟರೆ ಮುಗಿಯಿತು. ಸೀಮೆಸುಣ್ಣದ ಪುಡಿ ನೆಲಕ್ಕೆ ಉದುರುವಷ್ಟರಲ್ಲಿ ಇರುವೆ ಕರಿಹಲಗೆಯ ಮೇಲೆ ಪ್ರಯಾಣಕ್ಕೆ ಸಜ್ಜಾಗಿ ನಿಂತಿರುತ್ತಿತ್ತು. ಇಪ್ಪತ್ತಾರು ವರ್ಷ ಹೀಗೆ ಬರೆದೂ ಬರೆದೂ ಆಕೆಗೆ ಇರುವೆ ಟೀಚರ್ ಎಂಬ ಹೆಸರೇ ನಿಂತುಬಿಟ್ಟಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಗೆ ಮಾತ್ರ ಬೇಕಾಗುತ್ತಿತ್ತು.

ಆಕೆಯ ಗಂಡ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ವಿಜ್ಞಾನದ ತರಗತಿಯ ಬಿಳಿ ಗೋಡೆಯ ಮೇಲೆ ಅದೇ ಇರುವೆಯನ್ನು ಎಮ್ಮೆಯ ಗಾತ್ರಕ್ಕೆ ಹಿಗ್ಗಿಸಿ, ಕಪ್ಪು ಬಣ್ಣದಲ್ಲಿ ಬರೆದುಕೊಟ್ಟವನು ಅವನೇ. ಒಮ್ಮೆ ಕೈಗೆ ಹತ್ತಿದ ಚಿತ್ರವನ್ನು ಬಿಡುವುದುಂಟೇ? ಕೀಟನಾಶಕದ ಅಂಗಡಿಯ ಬೋರ್ಡಿನಲ್ಲೂ ಅದನ್ನೇ ತಂದು, ಅಲ್ಲಿಗೆ ತಕ್ಕಂತೆ ಅಂಗಾತ ಮಲಗಿಸಿದ್ದ. "ನಿನ್ನ ಇರುವೆ ಊರೆಲ್ಲ ಸುತ್ತುತ್ತಿದೆ ಕಣೇ, ನಾವಿಬ್ಬರೇ ಎಲ್ಲೂ ಹೋಗ್ಲಿಲ್ಲ" ಎಂದು ಆಗಾಗ ಕಾಲೆಳೆಯುತ್ತಿದ್ದ.

ಹೆಡ್‌ಮಾಸ್ತರರು ಒಂದು ದಿನ ರಟ್ಟಿನ ಪೆಟ್ಟಿಗೆಯಿಂದ ಒಂದು ಪ್ರೊಜೆಕ್ಟರನ್ನೂ, ಬ್ಯಾಟರಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದ ಹಳೆಯ ಡಿಜಿಟಲ್ ಕ್ಯಾಮೆರಾವನ್ನೂ ತೆಗೆದು ಆಕೆಯ ಮೇಜಿನ ಮೇಲಿಟ್ಟರು. "ಪಾಠಕ್ಕೆ ಬಳಸಿ. ಮಕ್ಕಳೇ ತೆಗೀಲಿ."

"ಚಿತ್ರ ಬರೆಯೋ ಮಗು ನೋಡುತ್ತೆ ಸರ್," ಎಂದಳು ಟೀಚರ್. "ಕ್ಲಿಕ್ ಮಾಡೋ ಮಗು ನೋಡೋ ಕೆಲಸಾನ ಡಬ್ಬಿಗೆ ವಹಿಸಿ ಆಟಕ್ಕೆ ಓಡಿಹೋಗುತ್ತೆ."

"ಒಂದು ತಿಂಗಳು ಮಾಡಿ ನೋಡಿ. ಬೇಡ ಅನ್ನಿಸಿದ್ರೆ ಬೀರುವಿಗೆ ಹಾಕೋಣ. ಅಲ್ಲಿ ಆ ಭೂಗೋಳದ ಗೋಳವೂ ಒಂಟಿಯಾಗಿದೆ ಪಾಪ."

ವಾದಕ್ಕೆ ಉತ್ತರ ವಾದವಲ್ಲ, ಪ್ರಯೋಗ ಎಂದು ದಿನವೂ ಹೇಳುವವಳು ಪ್ರಯೋಗಕ್ಕೆ ಒಲ್ಲೆ ಎನ್ನುವುದು ಹೇಗೆ? ಒಂದೊಂದು ಬೆಂಚಿಗೆ ಎರಡೆರಡು ದಿನದಂತೆ ಕ್ಯಾಮೆರಾ ಕೊಟ್ಟಳು. ಶಾಲೆಯ ಅಂಗಳದ ಯಾವುದಾದರೊಂದು ಜೀವಿಯ ಫೋಟೋ ತೆಗೆದು, ಪಾಠದ ಚಿತ್ರದೊಂದಿಗೆ ಹೋಲಿಸಿ ಭಾಗಗಳನ್ನು ಗುರುತಿಸಬೇಕು, ಅಷ್ಟೇ ಕೆಲಸ. ಬಸವನಹುಳು ಬಂತು, ಹಾವಸೆ ಬಂತು, ಯಾರದೋ ಹೆಬ್ಬೆರಳೂ ಬಂತು. ಮುಂದಿನ ಬೆಂಚಿನ, ಇಡೀ ತರಗತಿಯಲ್ಲೇ ಪುಟ್ಟವಳಾಗಿದ್ದ, ಎಲ್ಲರೂ ಚಿಟಿಕೆ ಎಂದು ಕರೆಯುತ್ತಿದ್ದ ಹುಡುಗಿ ಆರಿಸಿಕೊಂಡದ್ದು ಇರುವೆಯನ್ನು. ಗೋಡೆಯ ಇರುವೆ ಅವಳಿಗೆ ಅಷ್ಟು ಪ್ರೀತಿ.

ಮೆಟ್ಟಿಲಿನ ಕಲ್ಲಿನ ಮೇಲೆ ಒಂದು ಹನಿ ಸಕ್ಕರೆ ನೀರು ಬಿಟ್ಟು, ಕ್ಯಾಮೆರಾದ ಗುಂಡಿಯನ್ನು ತೀರಾ ಹತ್ತಿರದ ಚಿತ್ರಕ್ಕೆಂದಿದ್ದ ಹೂವಿನ ಗುರುತಿಗೆ ತಿರುಗಿಸಿ, ಬೋರಲು ಮಲಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಎರಡು ದಿನ ನಾಲ್ಕಾಯಿತು. ಕೆಲಸ ಮುಗಿಯಲಿಲ್ಲ.

"ಇನ್ನೂ ಯಾಕೆ ಚಿಟಿಕೆ? ಅಲುಗಾಡುತ್ತಾ?"

"ಇಲ್ಲ ಟೀಚರ್, ಚೆನ್ನಾಗೇ ಬರುತ್ತೆ. ಆದ್ರೆ ತಪ್ಪು ಬರುತ್ತೆ."

"ತಪ್ಪು ಅಂದ್ರೆ?"

"ಕಾಲೆಲ್ಲ ನಡು ಗುಂಡಿಗೇ ಇರುತ್ತೆ. ಅದಕ್ಕೇ ಅಳಿಸಿ ಅಳಿಸಿ ಬೇರೆ ತೆಗೀತಿದೀನಿ."

ಬೇರೊಂದು ನೋಟ್‌ಬುಕ್ಕು ತಿದ್ದುತ್ತಿದ್ದ ಟೀಚರ್ ತಲೆ ಎತ್ತದೆ, "ಕೋನ ಸರಿಯಿಲ್ಲ, ಮೇಲಿಂದ ತೆಗಿ" ಎಂದುಬಿಟ್ಟಳು.

ಮರುದಿನ ಸಂಜೆ ಗಂಟೆ ಹೊಡೆದ ಮೇಲೆ ಚಿಟಿಕೆ ಸಪ್ಪೆ ಮುಖ ಮಾಡಿಕೊಂಡು ಕ್ಯಾಮೆರಾ ತಂದಿಟ್ಟಳು. "ಮೇಲಿಂದಾನೂ ಹಾಗೇ ಬಂತು. ಇದೊಂದನ್ನ ನಿಮಗೆ ತೋರಿಸೋಣ ಅಂತ ಅಳಿಸಿಲ್ಲ."

ಹುಡುಗಿ ಮನೆಗೆ ಹೋದ ಮೇಲೆ ಟೀಚರ್ ಕನ್ನಡಕ ಏರಿಸಿ ಚಿತ್ರವನ್ನು ದೊಡ್ಡದು ಮಾಡಿದಳು, ಇನ್ನಷ್ಟು ದೊಡ್ಡದು ಮಾಡಿದಳು. ಸಕ್ಕರೆಯ ಹನಿಗೆ ಬಾಯಿಟ್ಟು ನಿಂತಿದ್ದ ಇರುವೆಯ ಆರು ಕಾಲುಗಳೂ ಎದೆಯಿಂದ ಹೊರಟಿದ್ದವು. ತಲೆಗೊಂದಿಲ್ಲ, ಹೊಟ್ಟೆಗೊಂದಿಲ್ಲ. ಚಿತ್ರದ ಮೂಲೆಯಲ್ಲಿ ಕ್ಯಾಮೆರಾ ತಾನಾಗಿ ಕೊಟ್ಟ ಸಂಖ್ಯೆಯಿತ್ತು: ನೂರ ಐವತ್ತೊಂದು. ಅದರ ಹಿಂದಿನ ಚಿತ್ರ ಬೇರೆ ಬೆಂಚಿನ ಬಸವನಹುಳು. ಅದರ ಸಂಖ್ಯೆ ನೂರ ಹತ್ತು. ನಡುವಿನ ನಲವತ್ತು ಇರುವೆಗಳು ಗೋಡೆಗೆ ಹೊಂದಲಿಲ್ಲವೆಂಬ ಒಂದೇ ತಪ್ಪಿಗೆ ಅಳಿಸಿಹೋಗಿದ್ದವು.

ಕ್ಯಾಮೆರಾವನ್ನು ಮನೆಗೆ ತಂದಳು. ಅಡುಗೆಮನೆಯ ಕಿಟಕಿಯ ದಂಡೆಯಲ್ಲಿ ಸಾಲು ಹಿಡಿದು ಹೋಗುತ್ತಿದ್ದ ಇರುವೆಗಳ ಮೇಲೆ ಆಕೆ ಬಗ್ಗಿ ನಿಂತಿದ್ದಾಗ ಗಂಡ ಹಿಂದಿನಿಂದ ಬಂದ.

"ಏನೇ ಇದು, ಇರುವೆಗಳ ಮದುವೆ ಫೋಟೋನಾ?"

ತೋರಿಸಿದಳು. ಪೇಂಟರ್ ನೋಡಿದ, ಮತ್ತೆ ನೋಡಿದ. "ಅಯ್ಯೋ! ನಿನ್ನ ಇರುವೆ ಕಾಲಿಗೆ ಬುದ್ಧಿ ಹೇಳಿಬಿಟ್ಟಿದೆಯಲ್ಲೇ!"

ಆಕೆಗೆ ನಗು ಬರಲಿಲ್ಲ. ಆ ಹನ್ನೊಂದು ಗೆರೆಗಳನ್ನು ಆಕೆ ಕಲಿತದ್ದು ತನ್ನ ಶಾಲೆಯ ಮೇಷ್ಟ್ರ ಕರಿಹಲಗೆಯಿಂದ. ಅವರು ಎಲ್ಲಿಂದ ಕಲಿತಿದ್ದರೋ. ಬರೆಯುವ ಮಗು ನೋಡುತ್ತದೆ ಎಂದು ಹೆಡ್‌ಮಾಸ್ತರರ ಮುಂದೆ ಎದೆಯುಬ್ಬಿಸಿ ಹೇಳಿದ್ದಳಲ್ಲ, ಸಾವಿರಾರು ಇರುವೆ ಬರೆದ ತಾನು ಒಂದಕ್ಕಾದರೂ ಬಗ್ಗಿ ನೋಡಿರಲಿಲ್ಲ. ಬರೆದದ್ದು ಇರುವೆಯನ್ನಲ್ಲ, ಇರುವೆಯ ಚಿತ್ರವನ್ನು.

"ಬಿಡೇ," ಎಂದ ಗಂಡ. "ಇಪ್ಪತ್ತಾರು ವರ್ಷ ಯಾರಿಗೆ ಗೊತ್ತಾಯ್ತು? ಆ ಗೋಡೆಗೆ ಮೂರು ದಿನ ಬೆನ್ನು ಬಗ್ಗಿಸಿದೀನಿ ನಾನು. ಕಪ್ಪಿನ ಮೇಲೆ ಬಿಳಿ ಹಚ್ಚಿದ್ರೆ ಕಲೆ ಹೋಗಲ್ಲ."

"ಒಬ್ಬಳಿಗೆ ಗೊತ್ತಾಗಿದೆ ಕಣ್ರೀ. ಗೊತ್ತಾಗಿದ್ದನ್ನೇ ತಪ್ಪು ಅಂದ್ಕೊಂಡು ಅಳಿಸ್ತಾ ಕೂತಿದಾಳೆ. ನನ್ನನ್ನ ನಂಬಿ ತನ್ನ ಕಣ್ಣನ್ನ ಬಿಟ್ಟುಕೊಟ್ಟಿದಾಳೆ."

ಪೇಂಟರ್ ಕ್ಯಾಮೆರಾ ತೆಗೆದುಕೊಂಡು ಇರುವೆಯ ಕಾಲುಗಳನ್ನು ಎಣಿಸಿದ. "ಎರಡು ಕೋಟ್ ಬೇಕಾಗುತ್ತೆ" ಎಂದ.

ಮರುದಿನ ತರಗತಿಯಲ್ಲಿ ಕಿಟಕಿಗಳನ್ನು ಮುಚ್ಚಿ, ಚಿಟಿಕೆಯ ಇರುವೆಯನ್ನು ಪ್ರೊಜೆಕ್ಟರಿನಿಂದ ಗೋಡೆಯ ಇರುವೆಯ ಪಕ್ಕಕ್ಕೇ ಬಿಟ್ಟಳು. ಎರಡು ಎಮ್ಮೆಗಳು ಜೋಡಿ ನಿಂತಂತಾಯಿತು.

"ಎರಡರಲ್ಲಿ ಯಾವುದು ತಪ್ಪು?"

"ಫೋಟೋ!" ಎಂದು ಇಡೀ ತರಗತಿ ಒಂದೇ ಉಸಿರಿಗೆ ಕೂಗಿತು. ಹಿಂದಿನ ಬೆಂಚಿನಿಂದ ಯಾವನೋ, "ಅದಕ್ಕೆ ಆಕ್ಸಿಡೆಂಟ್ ಆಗಿದೆ ಟೀಚರ್" ಎಂದ.

ಆಕೆಗೆ ಆ ಕ್ಷಣದಲ್ಲಿ ಆ ಕೂಗಿನ ಬೆಚ್ಚನೆಯ ನಂಬಿಕೆಯೊಳಗೆ ಸುಮ್ಮನೆ ಕೂತುಬಿಡೋಣ ಎನ್ನಿಸದೆ ಇರಲಿಲ್ಲ. ಮೇಜಿನ ಅಂಚು ಹಿಡಿದುಕೊಂಡಳು.

"ಫೋಟೋ ಸರಿ. ಗೋಡೆ ತಪ್ಪು. ಗೋಡೆಗೆ ಹಾಗೆ ಹೇಳಿಕೊಟ್ಟವಳು ನಾನು."

ಚಿಟಿಕೆ ಮೆಲ್ಲನೆ ಎದ್ದು ನಿಂತಳು. "ಹಾಗಾದ್ರೆ ನಾನು ಅಳಿಸಿದ್ದು?"

"ಸರಿಯಾಗಿದ್ವು."

"ಎಲ್ಲಾನೂ?"

"ನಲವತ್ತೂ."

"ಮೊದಲೇ ಹೇಳಬಾರದಾ ಟೀಚರ್!" ಹುಡುಗಿ ಎರಡೂ ತೋಳುಗಳನ್ನು ಮುಂದೆ ಚಾಚಿದಳು. "ನೋಡಿ, ಮೊಣಕೈಯೆಲ್ಲ ತರಚಿಹೋಗಿದೆ!"

ಮೊದಲು ನಕ್ಕವಳು ಟೀಚರ್. ಆಮೇಲೆ ತರಗತಿಯನ್ನು ಹಿಡಿಯುವವರೇ ಇರಲಿಲ್ಲ.

ಶನಿವಾರ ಪೇಂಟರ್ ಡಬ್ಬಗಳೊಂದಿಗೆ ಬಂದು, ಗೊಣಗುತ್ತಲೇ ತಲೆಯ ಎರಡು, ಹೊಟ್ಟೆಯ ಎರಡು ಕಾಲುಗಳಿಗೆ ಬಿಳಿ ಹಚ್ಚಿದ. ಪ್ರೊಜೆಕ್ಟರಿನ ಬೆಳಕಿನಲ್ಲಿ ಎದೆಗೆ ಸೇರಬೇಕಾದ ಕಾಲುಗಳನ್ನು ಸ್ಟೂಲಿನ ಮೇಲೆ ನಿಂತು ಪೆನ್ಸಿಲಿನಲ್ಲಿ ಗುರುತಿಸಿದವಳು ಚಿಟಿಕೆ. ಗಂಡ ಹೇಳಿದಂತೆ ಹಳೆಯ ಕಾಲುಗಳು ಬಿಳಿಯ ಅಡಿಯಿಂದ ಬೂದಿಯ ಬಣ್ಣದಲ್ಲಿ ಇಣುಕುತ್ತಲೇ ಉಳಿದವು. ಮೂರನೆಯ ಕೋಟ್ ಹಚ್ಚಲೇ ಎಂದು ಆತ ಕೇಳಿದಾಗ ಟೀಚರ್ ಬೇಡವೆಂದಳು. ಕಾಣಲಿ ಬಿಡಿ.

ಕ್ಯಾಮೆರಾ ಬೀರುವಿಗೆ ಹೋಗಲಿಲ್ಲ. ಗೋಳ ಒಂಟಿಯಾಗಿಯೇ ಉಳಿಯಿತು. ಈಗ ಮಕ್ಕಳು ಮೊದಲು ಫೋಟೋ ತೆಗೆಯುತ್ತಾರೆ, ಆಮೇಲೆ ಅದನ್ನು ನೋಡಿ ಬರೆಯುತ್ತಾರೆ, ಬರೆದದ್ದನ್ನು ಹಿಡಿದುಕೊಂಡು ಮತ್ತೆ ಅಂಗಳಕ್ಕೆ ಹೋಗುತ್ತಾರೆ. ಎಲ್ಲರೂ ನೋಡುವ ತನಕ ಯಾರೂ ಏನನ್ನೂ ಅಳಿಸುವಂತಿಲ್ಲ. ಚಿತ್ರ ಬರೆಯುವುದರ ಮೇಲೆ ಟೀಚರ್‌ಗಿದ್ದ ಪ್ರೀತಿಯೇನೂ ಕಡಿಮೆಯಾಗಿಲ್ಲ. ಆರು ಕಾಲೂ ಎದೆಗೆ ಸೇರಿದರೂ ಅವಳ ಇರುವೆಗೆ ಈಗಲೂ ಹನ್ನೊಂದೇ ಗೆರೆ.

ಕೀಟನಾಶಕದ ಅಂಗಡಿಯ ಬೋರ್ಡು ಮಾತ್ರ ಹಾಗೆಯೇ ಇದೆ. ಪುಕ್ಕಟೆ ತಿದ್ದಿಕೊಡುತ್ತೇನೆ ಎಂದು ಪೇಂಟರ್ ಏಣಿ ಹೊತ್ತು ಹೋದರೆ ಅಂಗಡಿಯವನು ಒಪ್ಪಲಿಲ್ಲವಂತೆ: "ಸಾಯೋ ಇರುವೆಗೆ ಕಾಲು ಎಲ್ಲಿದ್ರೇನ್ರೀ?"

ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗುತ್ತಿದ್ದಾಗಲೇ ಬಾಗಿಲಲ್ಲಿ ಚಿಟಿಕೆ ಕಾಣಿಸಿಕೊಂಡಳು. ಕೈಯಲ್ಲಿ ಕ್ಯಾಮೆರಾ.

"ಟೀಚರ್, ಇದು ಪುಸ್ತಕದಲ್ಲಿರೋ ಹಾಗಿಲ್ಲ."

"ಅಳಿಸಿಲ್ಲ ತಾನೇ?"

"ಇಲ್ಲ." ಕಂಕುಳಿಂದ ಪಠ್ಯಪುಸ್ತಕ ಎಳೆದು ಮೇಜಿನ ಮೇಲಿಟ್ಟಳು. "ಈ ಸಲ ಪುಸ್ತಕಾನೇ ತಂದಿದೀನಿ."

ಟೀಚರ್ ಕನ್ನಡಕ ಏರಿಸಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.